ಗದ್ದೆಯ ನೀರಿಗೆ ಬಿದ್ದ ಫೋನನ್ನು ಮಂಡಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇವೆ, ಮುಂದೇನು ಮಾಡಬೇಕು?

ಪ್ರಶ್ನೆ: ಭತ್ತದ ಬೆಳೆಗಾರ, ಹರಿಹರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಭದ್ರಾ ನಾಲೆಯ ನೀರನ್ನು ಗದ್ದೆಗೆ ತಿರುಗಿಸಲು ಸಲಿಕೆ ಹಿಡಿದು ಬಗ್ಗಿದಾಗ, ಅಂಗಿಯ ಜೇಬಿನಲ್ಲಿದ್ದ ಫೋನು ಜಾರಿ ಕೆಸರುನೀರಿಗೆ ಬಿದ್ದಿತು. ಒಂದು ನಿಮಿಷದೊಳಗೆ ಎತ್ತಿಕೊಂಡೆ. ಪರದೆ ಬೆಳಗುತ್ತಿತ್ತಾದರೂ ಬೆರಳಿಟ್ಟದ್ದು ಒಂದು ಕಡೆ, ತೆರೆದುಕೊಳ್ಳುವುದು ಇನ್ನೊಂದು ಎನ್ನುವಂತಾಗಿತ್ತು. ಮನೆಗೆ ಬಂದು ಒರೆಸಿ ಚಾರ್ಜಿಗೆ ಹಾಕಿದೆ; ಎರಡೇ ನಿಮಿಷದಲ್ಲಿ ತಾನಾಗಿಯೇ ಆರಿಹೋಯಿತು. ಅಕ್ಕಿಯಲ್ಲಿ ಹುಗಿದಿಟ್ಟರೆ ಸರಿಹೋಗುತ್ತದೆ ಎಂದು ಎಲ್ಲೋ ಕೇಳಿದ್ದ ಅಮ್ಮ, ಅಕ್ಕಿಗಿಂತ ಮಂಡಕ್ಕಿ ಹೆಚ್ಚು ಒಣಗಿರುತ್ತದೆಂದು ಅದನ್ನು ಮಂಡಕ್ಕಿ ಡಬ್ಬಿಯೊಳಗೆ ಇಟ್ಟಿದ್ದಾರೆ. ನಮ್ಮ ಸೀಮೆಯ ಮನೆಗಳಲ್ಲಿ ಅದಕ್ಕೇನು ಕೊರತೆ! ಬೆಳೆಸಾಲದ ಕಾಗದಗಳ ಫೋಟೊಗಳೆಲ್ಲ ಅದರಲ್ಲಿಯೇ ಇವೆ. ಮೂರು ದಿನದ ಹಿಂದೆ ಆ ಗದ್ದೆಗೆ ಗೊಬ್ಬರ ಎರಚಿದ್ದೆವು. ಅದೂ ಲೆಕ್ಕಕ್ಕೆ ಬರುತ್ತದೆಯೋ ಏನೋ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಮೊಬೈಲ್ ರಿಪೇರಿ ಮಾಡುವವನು, ದಾವಣಗೆರೆ

ಸರ್, ಮೊದಲು ಫೋನನ್ನು ಡಬ್ಬಿಯಿಂದ ಹೊರಗೆ ತೆಗೆಯಿರಿ. ಮಂಡಕ್ಕಿ ಮಾಡುವ ಅಕ್ಕಿಗೆ ಉಪ್ಪುನೀರು ಹಿಡಿಸಿಯೇ ಬಿಸಿ ಮರಳಿನಲ್ಲಿ ಹುರಿಯುತ್ತಾರೆ; ಆ ಉಪ್ಪಿನ ಪುಡಿ ಒದ್ದೆಯಾಗಿರುವ ಚಾರ್ಜಿಂಗ್ ಕಿಂಡಿಗೆ ಅಂಟಿಕೊಂಡರೆ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಅಕ್ಕಿಯೂ ಮೇಲಲ್ಲ. ಅದರ ಸಣ್ಣ ಕಣಗಳು ಫೋನನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿದೆ.

ಇನ್ನು ಫೋನನ್ನು ಆನ್ ಮಾಡಿ ನೋಡುವ ಆಸೆಯನ್ನು ಬಿಡಬೇಕು. ನೀರಿನಲ್ಲಿ ಬಿದ್ದದ್ದರಿಂದ ಸತ್ತ ಫೋನಿಗಿಂತ, ಬಿದ್ದ ಮೇಲೆ ಚಾರ್ಜಿಗೆ ಹಾಕಿದ್ದರಿಂದ ಸತ್ತ ಫೋನುಗಳನ್ನೇ ನನ್ನ ಮೇಜಿನ ಮೇಲೆ ಹೆಚ್ಚು ಕಂಡಿದ್ದೇನೆ. ಸಿಮ್ ಮತ್ತು ಮೆಮೊರಿ ಕಾರ್ಡನ್ನು ತಟ್ಟೆಯ ಸಮೇತ ಹೊರತೆಗೆದು, ಕಿಂಡಿ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಫ್ಯಾನಿನ ಎದುರು ನಿಲ್ಲಿಸಿಡಿ. ಕಿಂಡಿಯೊಳಗೆ ಹತ್ತಿಯನ್ನಾಗಲಿ ಕಡ್ಡಿಯನ್ನಾಗಲಿ ತೂರಿಸಬೇಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಬಿಸಿಗೆ ಅಂಚಿನ ಅಂಟು ಸಡಿಲವಾಗುತ್ತದೆ, ಬ್ಯಾಟರಿಗೂ ಅದು ಒಳ್ಳೆಯದಲ್ಲ. ಹಿಂಬದಿ ಉಬ್ಬಿದಂತೆ ಕಂಡರೆ ಒತ್ತಬೇಡಿ, ಮಂಚದ ಬಳಿಯೂ ಇಡಬೇಡಿ.

ಆದರೆ ನಿಮ್ಮ ಫೋನು ಕೇವಲ ಒಣಗಿದರೆ ಸಾಲದು. ಕೆಸರುನೀರು ಒಣಗಿದ ಮೇಲೂ ಅದರಲ್ಲಿದ್ದದ್ದು ಬೋರ್ಡಿನ ಮೇಲೆ ಉಳಿದುಬಿಡುತ್ತದೆ. ಆದಷ್ಟು ಬೇಗ, ಸಾಧ್ಯವಾದರೆ ಈ ದಿನವೇ, ಬಿಚ್ಚಿಸಿ ಬ್ಯಾಟರಿಯ ಕನೆಕ್ಟರ್ ತೆಗೆಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಸಬೇಕು. ವಾರ ಬಿಟ್ಟು ತಂದರೆ ಕನೆಕ್ಟರುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ

ಮೇಲಿನವರು ಹೇಳಿದ್ದು ಸರಿಯಾಗಿದೆ, ಕಾರಣವನ್ನಷ್ಟೇ ಸೇರಿಸುತ್ತೇನೆ. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ. ಹರಿಸುವುದು ಅದರಲ್ಲಿ ಕರಗಿದ ಲವಣ. ಗೊಬ್ಬರದ ವಿಷಯ ಕೇಳಿದಿರಲ್ಲ, ಬರಿಯ ಯೂರಿಯ ಎರಚಿದ್ದರೆ ಅಷ್ಟು ಚಿಂತೆಯಿರಲಿಲ್ಲ, ಏಕೆಂದರೆ ಅದು ನೀರಿನಲ್ಲಿ ಕರಗಿದರೂ ಅಯಾನುಗಳಾಗಿ, ಎಂದರೆ ವಿದ್ಯುತ್ತನ್ನು ಹೊತ್ತೊಯ್ಯುವ ಆವೇಶವುಳ್ಳ ಕಣಗಳಾಗಿ, ಒಡೆಯುವುದಿಲ್ಲ (ಮೂರು ದಿನದಲ್ಲಿ ಮಣ್ಣಿನಲ್ಲಿ ಅದೂ ಸ್ವಲ್ಪ ಅಮೋನಿಯಂ ಆಗಿರುತ್ತದೆ ಎನ್ನುವುದು ಬೇರೆ ಮಾತು). ಡಿಎಪಿ, ಪೊಟ್ಯಾಷ್ ಹಾಗಲ್ಲ. ಅವು ನೇರವಾಗಿ ಅಯಾನುಗಳಾಗಿಯೇ ಕರಗುತ್ತವೆ.

ನೀರನ್ನು ವಿಭಜಿಸಲು ತಾತ್ತ್ವಿಕವಾಗಿ 1.23 ವೋಲ್ಟ್ ಸಾಕು. ಫೋನಿನ ಬ್ಯಾಟರಿಯಲ್ಲಿ 3.7 ವೋಲ್ಟಿನ ಆಸುಪಾಸು ಇರುತ್ತದೆ, ಸಾಮಾನ್ಯ ಚಾರ್ಜರು 5 ವೋಲ್ಟ್ ಕೊಡುತ್ತದೆ. ಹೀಗಾಗಿ ಒದ್ದೆಯಾದ ಕಿಂಡಿಗೆ ಚಾರ್ಜರ್ ಸಿಕ್ಕಿಸುವುದೆಂದರೆ, ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ ವಿದ್ಯುದ್ವಿಭಜನೆಯನ್ನು ಫೋನಿನೊಳಗೇ ನಡೆಸಿದಂತೆ: ಧನ ತುದಿಯ ಲೋಹ ಕರಗಿ ಸವೆಯುತ್ತದೆ, ಋಣ ತುದಿಯ ಕಡೆ ಬೆಳೆದು ಎರಡು ತಂತಿಗಳ ನಡುವೆ ಸೇತುವೆ ಕಟ್ಟುತ್ತದೆ.

ಅಕ್ಕಿಯಲ್ಲಿಟ್ಟ ಫೋನು ಕೆಲವೊಮ್ಮೆ ಬದುಕುವುದು ನಿಜ. ಆದರೆ ಅದನ್ನು ಉಳಿಸಿದ್ದು ಎರಡು ದಿನ ಯಾರೂ ಮುಟ್ಟದೆ ಇದ್ದದ್ದು, ಅಕ್ಕಿಯಲ್ಲ. ಚೀಲದ ಅಕ್ಕಿಯಲ್ಲಿಯೇ ನೂರಕ್ಕೆ 12ರಿಂದ 14ರಷ್ಟು ತೇವವಿರುತ್ತದೆ. ಮುಚ್ಚಿದ ಫೋನಿನ ಒಳಗಿನ ನೀರನ್ನು ಅದು ಎಳೆದುಕೊಳ್ಳುವುದಾದರೂ ಹೇಗೆ?

ಉತ್ತರ: ಓದುಗ, ಜಗಳೂರು

ಫೋನಿನ ಪೆಟ್ಟಿಗೆಯ ಮೇಲೆ ಐಪಿ68 (ದೂಳು, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಗುರುತು) ಎಂದಿದೆಯೇ, ನೋಡಿ. ಇದ್ದರೆ ಇಷ್ಟು ಗಾಬರಿ ಬೇಕಿಲ್ಲವೆಂದು ನನ್ನ ಅನಿಸಿಕೆ.

ಉತ್ತರ: ಮೊಬೈಲ್ ರಿಪೇರಿ ಮಾಡುವವನು, ದಾವಣಗೆರೆ

ಆ ಅಂಕಿಯನ್ನು ಕೊಡುವುದು ಹೊಸ ಫೋನನ್ನು ಶುದ್ಧ ನೀರಿನಲ್ಲಿ ಪರೀಕ್ಷಿಸಿ. ನೀರಿಗೆ ಸಂಬಂಧಿಸಿದ್ದು ಕೊನೆಯ ಅಂಕಿ: 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಎಂದರೆ ಅದಕ್ಕೂ ಹೆಚ್ಚು, ಎಷ್ಟೆಂದು ಕಂಪನಿ ಹೇಳಬೇಕು. ಒಮ್ಮೆ ಕೆಳಗೆ ಬಿದ್ದು ಅಂಚು ಬಿಟ್ಟಿದ್ದರೆ ಅಥವಾ ಗಾಜು ಬದಲಿಸಿ ಹಳೆಯ ಅಂಟನ್ನೇ ಒತ್ತಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ನೀರಿನ ಹಾನಿಗೆ ಬರುವುದಿಲ್ಲ. ಫೋನಿನೊಳಗೆ ನೀರು ತಾಗಿದರೆ ಕೆಂಪಾಗುವ ಸಣ್ಣ ಬಿಳಿ ಗುರುತೊಂದನ್ನು ಅಂಟಿಸಿರುತ್ತಾರೆ, ಮೊದಲು ನೋಡುವುದು ಅದನ್ನೇ.

ಪ್ರಶ್ನೆ ಕೇಳಿದವರು, ಮರುದಿನ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಧ್ಯಾಹ್ನವೇ ಊರಿನಿಂದ ದಾವಣಗೆರೆಗೆ ಹೋಗಿ ಬಿಚ್ಚಿಸಿದೆ. ಗುರುತು ಕೆಂಪಾಗಿತ್ತು, ಸಿಮ್ ತಟ್ಟೆಯ ಜಾಗದಲ್ಲಿ ಮಂಡಕ್ಕಿಯ ಹೊಟ್ಟು ಸಿಕ್ಕಿತು. ಮುಖ್ಯ ಬೋರ್ಡು ಉಳಿದಿದೆ. ಚಾರ್ಜಿಂಗ್ ಕಿಂಡಿಯಿರುವ ಸಣ್ಣ ಬೋರ್ಡು ಮಾತ್ರ ಸುಟ್ಟಿತ್ತು, ಅದನ್ನು ಬದಲಿಸಿದರು. ಉಪನ್ಯಾಸಕಿ ಮೇಡಂ, ನಾವು ಎರಚಿದ್ದು ಯೂರಿಯ ಮತ್ತು ಪೊಟ್ಯಾಷ್ ಎರಡೂ. ಸ್ಪೀಕರಿನ ದನಿ ಇನ್ನೂ ಕೊಡದೊಳಗಿಂದ ಬಂದಂತಿದೆ. ಕಾಗದಗಳ ಫೋಟೊಗಳನ್ನು ಅಂಗಡಿಯಲ್ಲಿಯೇ ನಿಂತು ತಮ್ಮನ ಫೋನಿಗೆ ಕಳಿಸಿಕೊಂಡೆ. ಡಬ್ಬಿಯ ಮಂಡಕ್ಕಿಯನ್ನು ಅಮ್ಮ ಒಗ್ಗರಣೆಗೆ ಬಳಸದೆ ಎಮ್ಮೆಗೆ ಹಾಕಿದರು.