ರಜೆಯ ಒಂದು ವಾರ: ಚರಕ, ಹೆಣಿಗೆ ಮತ್ತು ಓದು – ಹೇಗೆ ಹೊಂದಿಸಿಕೊಳ್ಳಬೇಕು?

ಸರಸ್ವತೀಪುರಂ ವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಈ ಬಾರಿಯ ದಸರಾ ರಜೆಯಲ್ಲಿ ನನಗೆ ಪೂರ್ತಿ ಒಂದು ವಾರ ಬಿಡುವು ಸಿಗಲಿದೆ. ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆಯವರು ಇಬ್ಬರೇ ಇರುತ್ತೇವೆ. ಈ ವಾರವನ್ನು ನೂಲುವುದಕ್ಕೆ, ಹೆಣೆಯುವುದಕ್ಕೆ ಮತ್ತು ಓದುವುದಕ್ಕೆ ಮಾತ್ರ ಮೀಸಲಿಡಬೇಕೆಂಬುದು ನನ್ನ ಬಹುದಿನದ ಆಸೆ. ಹೆಣಿಗೆಯನ್ನು ಶಾಲೆಯ ದಿನಗಳಿಂದಲೂ ಮಾಡುತ್ತ ಬಂದಿದ್ದೇನೆ. ಪೆಟ್ಟಿಗೆ ಚರಕ ಮನೆಗೆ ಬಂದದ್ದು ಇತ್ತೀಚೆಗೆ. ಕೊಂಡು ತಂದ ಹಂಜಿಯಿಂದ (ನೂಲಲು ಸಿದ್ಧಪಡಿಸಿದ ಹತ್ತಿಯ ಬತ್ತಿ) ಸುಮಾರು ಹತ್ತನೇ ನಂಬರಿನ ಸಮನಾದ ಎಳೆಯನ್ನು ತೆಗೆಯುವಷ್ಟು ಕೈ ಪಳಗಿದೆ.

ನನ್ನ ತಂಗಿಗೆ ಚಳಿಗಾಲದಲ್ಲಿ ಹೆರಿಗೆಯಾಗಲಿದೆ. ಹುಟ್ಟುವ ಮಗುವಿಗೆ ನಾನೇ ನೂತ ನೂಲಿನಿಂದ ಒಂದು ಸ್ವೆಟರ್ ಹೆಣೆಯಬೇಕೆಂದಿದ್ದೇನೆ. ಅದು ಈ ಒಂದು ವಾರದಲ್ಲಿ ಸಾಧ್ಯವೇ? ಹತ್ತಿಯ ನೂಲು ಒಳ್ಳೆಯದೋ, ಉಣ್ಣೆಯೋ? ಮಳವಳ್ಳಿಯಲ್ಲಿರುವ ನಮ್ಮ ಸಂಬಂಧಿಕರು ಬಂಡೂರು ಕುರಿಗಳನ್ನು ಸಾಕಿದ್ದಾರೆ ಮತ್ತು ಕತ್ತರಿಸಿದ ಉಣ್ಣೆಯನ್ನು ಕೊಡಲು ಸಿದ್ಧರಿದ್ದಾರೆ. ಇದಲ್ಲದೆ, ಓದಬೇಕೆಂದು ತಂದಿಟ್ಟ ಪುಸ್ತಕಗಳು ಮೇಜಿನ ಮೇಲೆ ಬೆಳೆಯುತ್ತಲೇ ಇವೆ. ಎರಡೂ ಕೈಗಳು ಕೆಲಸದಲ್ಲಿರುವಾಗ ನೀವೆಲ್ಲ ಹೇಗೆ ಓದುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕುವೆಂಪುನಗರದ ಹೆಣಿಗೆಗಾರ್ತಿ:

ಸಾಧ್ಯವೇ ಎಂಬ ಪ್ರಶ್ನೆಗೆ ಮೊದಲು ಲೆಕ್ಕ ಹಾಕಿಯೇ ಉತ್ತರಿಸಬೇಕು. ಹತ್ತಿ ನೂಲಿನ ನಂಬರ್ ಎಂದರೆ, ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಎಷ್ಟು ಲಡಿಗಳು (ಸುತ್ತಿದ ನೂಲಿನ ಕಟ್ಟುಗಳು) ಬರುತ್ತವೆ ಎಂಬ ಲೆಕ್ಕ. ಅದರಂತೆ ಹತ್ತನೇ ನಂಬರಿನ ನೂಲು ಗ್ರಾಮಿಗೆ ಸುಮಾರು 17 ಮೀಟರು ಬರುತ್ತದೆ. ಹೆಣಿಗೆಯ ಮಟ್ಟಿಗೆ ಇದು ಬಹಳ ಸಣ್ಣ ಎಳೆ. ಆರು ಎಳೆಗಳನ್ನು ಸೇರಿಸಿ ಹುರಿ ಹಾಕಿದರೆ, ಅಂದರೆ ಒಟ್ಟಿಗೆ ತಿರುಚಿದರೆ ಮಾತ್ರ ನೂರು ಗ್ರಾಮಿಗೆ ಸುಮಾರು 280 ಮೀಟರು ಬರುವ, ಮಗುವಿನ ಬಟ್ಟೆಗೆ ಹೊಂದುವ ದಪ್ಪದ ನೂಲು ಸಿಗುತ್ತದೆ.

ಕೂಸಿನ ಸ್ವೆಟರಿಗೆ ಸುಮಾರು 150 ಗ್ರಾಂ ನೂಲು ಬೇಕೆಂದುಕೊಳ್ಳೋಣ. ಅಂದರೆ ಒಂಟಿ ಎಳೆಯಲ್ಲಿ ಎರಡೂವರೆ ಸಾವಿರ ಮೀಟರು. ನೀವು ಗಂಟೆಗೆ 300 ಮೀಟರು ನೂಲುವವರಾದರೆ ನೂಲುವುದಕ್ಕೇ ಎಂಟೂವರೆ ಗಂಟೆ ಹಿಡಿಯುತ್ತದೆ. ಎಳೆಗಳನ್ನು ಜೋಡಿಸಿ ಸುತ್ತುವುದು, ಹುರಿ ಹಾಕುವುದು, ಕುದಿಸಿ ಒಣಗಿಸುವುದು, ಆಮೇಲೆ ನಾನೂರಕ್ಕೂ ಹೆಚ್ಚು ಮೀಟರು ನೂಲನ್ನು ಹೆಣೆಯುವುದು – ಇವೆಲ್ಲ ಒಂದು ವಾರದಲ್ಲಿ ಆಗದ ಕೆಲಸಗಳೇನಲ್ಲ. ಆದರೆ ನಿಮ್ಮ ಪುಸ್ತಕಗಳು ಮೇಜಿನ ಮೇಲೆಯೇ ಉಳಿಯುತ್ತವೆ. ಅದೇ ಮಗುವಿಗೆ ಒಂದು ಕುಲಾವಿ ಮಾಡುವುದಾದರೆ 50 ಗ್ರಾಂ ಧಾರಾಳವಾಗಿ ಸಾಕು. ಮೂರು ಗಂಟೆಯ ನೂಲುವಿಕೆಯಲ್ಲಿ ಅದು ಒದಗುತ್ತದೆ. ಸ್ವೆಟರಿಗೆ ಮಿಲ್ಲಿನ ನೂಲನ್ನೇ ಬಳಸಿ, ಈ ವಾರ ಕುಲಾವಿಗಾಗಿ ಮಾತ್ರ ನೂಲಿರಿ ಎಂದು ನಾನು ಹೇಳುತ್ತೇನೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚರಕದಿಂದ ಇಳಿಸಿದ ಒಂಟಿ ಎಳೆಯನ್ನು, ಎಷ್ಟೇ ದಪ್ಪವಾಗಿ ನೂತಿದ್ದರೂ, ಹಾಗೆಯೇ ಹೆಣಿಗೆಯ ಕಡ್ಡಿಗೆ ಏರಿಸಬೇಡಿ. ನೂಲಿನಲ್ಲಿ ಉಳಿದ ತಿರುವು ಬಿಚ್ಚಿಕೊಳ್ಳಲು ಹವಣಿಸುವುದರಿಂದ ಹೆಣೆದ ಬಟ್ಟೆ ಒಂದು ಕಡೆಗೆ ಓರೆಯಾಗಿ ಎಳೆದುಕೊಳ್ಳುತ್ತದೆ. ನೂಲುವಾಗ ಕದಿರು (ಎಳೆಯನ್ನು ತಿರುಚಿ ಸುತ್ತಿಕೊಳ್ಳುವ ಚರಕದ ಸಣ್ಣ ಸರಳು) ಯಾವ ದಿಕ್ಕಿಗೆ ತಿರುಗಿತೋ, ಹುರಿ ಹಾಕುವಾಗ ಅದರ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಆಗ ಎರಡು ತಿರುವುಗಳು ಒಂದನ್ನೊಂದು ತಡೆದು ನಿಲ್ಲಿಸುತ್ತವೆ. ಬಳಿಕ ಲಡಿಯನ್ನು ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಕುದಿಸಿ. ಹತ್ತಿಯ ಮೇಲಿನ ಸಹಜವಾದ ಮೇಣ ಕಳೆದು ನೂಲು ಮೆದುವಾಗುತ್ತದೆ, ನೀರು ಹೀರುತ್ತದೆ, ತಿರುವೂ ನೆಲೆಗೊಳ್ಳುತ್ತದೆ.

ಮಳವಳ್ಳಿ ಕಡೆಯವನು:

ಉಣ್ಣೆಯ ವಿಷಯಕ್ಕೆ ಉತ್ತರಿಸುತ್ತೇನೆ, ಏಕೆಂದರೆ ಬಂಡೂರು ಕುರಿಗಳ ನಡುವೆಯೇ ಬೆಳೆದವನು ನಾನು. ನಮ್ಮ ಕುರಿ ಹೆಸರಾಗಿರುವುದು ಅದರ ಮಾಂಸಕ್ಕಾಗಿ. ಗಿಡ್ಡನೆಯ, ಮೈತುಂಬಿದ ತಳಿ ಅದು. ಮೈಮೇಲಿರುವುದು ಒರಟಾದ ಕೂದಲಿನಂತಹ ತುಪ್ಪಟ. ಅದನ್ನು ಹಿಂಜಿ ನೂಲುವುದು ಕಷ್ಟ, ನೂತರೂ ಕೂಸಿನ ಮೈಗೆ ಹಾಕುವಂತಹ ಬಟ್ಟೆ ಆಗುವುದಿಲ್ಲ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಾದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. ಮೆರಿನೊ ಉಣ್ಣೆ ಮೆತ್ತಗಿರುವುದಕ್ಕೆ ಅದರ ಎಳೆ ಇದಕ್ಕಿಂತ ಬಹಳ ತೆಳುವಾಗಿರುವುದೇ ಕಾರಣ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಡೆಕ್ಕನಿ ಕುರಿಯ ಉಣ್ಣೆಯನ್ನು ನೂಲುತ್ತಾರೆ ನಿಜ. ಆದರೆ ಅದು ಕಂಬಳಿಯ ಉಣ್ಣೆ. ಮಳೆ ಮತ್ತು ಚಳಿಗೆ ಹೆಗಲ ಮೇಲೆ ಹೊದೆಯುವ ಕಂಬಳಿಗೆ ಆ ಒರಟುತನವೇ ಶಕ್ತಿ. ನಮ್ಮ ಕುರುಬರ ಮನೆಗಳಲ್ಲಿ ಕಂಬಳಿಗೆ ಇರುವ ಗೌರವವನ್ನು ಬಲ್ಲವನಾಗಿ ಇದನ್ನು ಹೇಳುತ್ತಿದ್ದೇನೆಯೇ ಹೊರತು ಆ ಉಣ್ಣೆಯನ್ನು ಕೀಳೆಂದು ಹೇಳುತ್ತಿಲ್ಲ.

ಮೈಸೂರಿನ ಚಳಿಗೆ ಹತ್ತಿಯೇ ಸಾಕು ಅಕ್ಕ. ಡಿಸೆಂಬರ್, ಜನವರಿಯಲ್ಲಿಯೂ ಬೆಳಗಿನ ಜಾವದ ಉಷ್ಣತೆ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಹತ್ತಿಯನ್ನು ಬಿಸಿನೀರಿನಲ್ಲಿ ಒಗೆಯಬಹುದು, ಕೂಸಿನ ಬಟ್ಟೆಗೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಆದರೆ ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಕುಗ್ಗುವ ಗುಣವಿಲ್ಲವಾದ್ದರಿಂದ ಕುಲಾವಿಯ ಅಂಚು ಸಡಿಲವಾಗದಂತೆ ಬಿಗಿಯಾಗಿ ಹೆಣೆಯಬೇಕಾಗುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಗಮಕ ಕೇಳುಗ:

ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯವೆನಿಸಿತು. ನೂಲುವುದು ಮತ್ತು ಹೆಣೆಯುವುದು ಓದಿನ ಜೊತೆಗೆ ಒಂದೇ ಬಗೆಯಲ್ಲಿ ಹೊಂದುವುದಿಲ್ಲ. ನೂಲುವಾಗ ಬಲಗೈ ಚಕ್ರದ ಮೇಲೆ, ಎಡಗೈ ಹಂಜಿಯ ಮೇಲೆ, ಕಣ್ಣು ಎಳೆಯ ಮೇಲೆ ಇರಬೇಕು. ಪುಟ ನೋಡಲು ಕಣ್ಣು ಹೊರಳಿದರೆ ಎಳೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಆಗುತ್ತದೆ. ಸೀದಾ ಸಾಲುಗಳ ಹೆಣಿಗೆಯಾದರೆ ಬೆರಳುಗಳು ತಾವೇ ದಾರಿ ಕಂಡುಕೊಳ್ಳುತ್ತವೆ, ಕಣ್ಣು ಬಿಡುವಾಗಿರುತ್ತದೆ. ಆದ್ದರಿಂದ ಹೆಣೆಯುವಾಗ ಓದಿ, ನೂಲುವಾಗ ಕೇಳಿ.

ಓದುವುದಕ್ಕೆ ವ್ಯಾಸಪೀಠವನ್ನು ಬಳಸಿ. ಪಾರಾಯಣಕ್ಕೆ ಇಡುವ ಮಡಿಸುವ ಮರದ ಪೀಠವೇ ಹೆಣಿಗೆಯವರಿಗೂ ಅತ್ಯುತ್ತಮವಾದುದು. ಎದುರಿಗೆ ಇಟ್ಟುಕೊಂಡು, ಪುಟಗಳ ಮೇಲೊಂದು ಅಡ್ಡ ದಾರ ಕಟ್ಟಿದರೆ ಪುಸ್ತಕ ಮುಚ್ಚಿಕೊಳ್ಳುವುದಿಲ್ಲ. ಕೇಳುವುದಕ್ಕೆ ನಿಮ್ಮ ಅತ್ತೆಯವರಿದ್ದಾರಲ್ಲ. ಅವರು ಗಟ್ಟಿಯಾಗಿ ಓದಲಿ, ನೀವು ನೂಲಿರಿ. ಒಬ್ಬರು ವಾಚಿಸಿ ಮತ್ತೊಬ್ಬರು ವ್ಯಾಖ್ಯಾನಿಸುವ ಗಮಕ ನಮ್ಮ ಸೀಮೆಯ ಮನೆಗಳಿಗೆ ಹೊಸದಲ್ಲ, ಮತ್ತು ಕನ್ನಡದ ಕಾವ್ಯದ ಬಹುಭಾಗ ಕಿವಿಗಾಗಿಯೇ ರಚಿತವಾದದ್ದು. ಷಟ್ಪದಿಯನ್ನು ಕಣ್ಣಿನಲ್ಲಿ ಓದಿದಾಗ ಸಿಗದ ಓಟ ಕೇಳುವಾಗ ಸಿಗುತ್ತದೆ. ಮೊದಲಿಗೆ ವಚನಗಳನ್ನು ಆರಿಸಿಕೊಳ್ಳಿ. ಅವು ಚಿಕ್ಕವು, ಹಂಜಿ ಮುಗಿದು ಹೊಸದನ್ನು ಜೋಡಿಸುವ ಹೊತ್ತಿಗೆ ಒಂದು ವಚನ ಮುಗಿದಿರುತ್ತದೆ. ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವುದನ್ನೇ ಕಾಯಕವಾಗಿಸಿಕೊಂಡವಳು. ತಾನು ತಿರುಗಿಸುವ ರಾಟೆಯ ಅಡಿಹಲಗೆಯಲ್ಲಿ ಬ್ರಹ್ಮನನ್ನು, ತೋರಣದಲ್ಲಿ ವಿಷ್ಣುವನ್ನು ಕಂಡು, ಕದಿರನ್ನು ಅರಿವೆಂದು ಕರೆದಳು. ಚರಕದ ಮುಂದೆ ಕುಳಿತವರ ಕಿವಿಗೆ ಆ ವಚನ ಬೀಳುವ ಬಗೆಯೇ ಬೇರೆ.

ನಂಜನಗೂಡಿನ ನೂಲುಗಾರ:

ಕುವೆಂಪುನಗರದ ಮೇಡಂ ಅವರ ಲೆಕ್ಕ ಸರಿಯಾಗಿದೆ, ಆದರೆ ಅವರ ತೀರ್ಮಾನದಲ್ಲಿ ನನಗೆ ಸಣ್ಣ ಭಿನ್ನಾಭಿಪ್ರಾಯವಿದೆ. ಮೊದಲ ಬಾರಿಗೆ ತಮ್ಮದೇ ನೂಲನ್ನು ಕಡ್ಡಿಗೆ ಏರಿಸುವವರು ಅಳತೆ ಕಟ್ಟುನಿಟ್ಟಾಗಿ ಬೇಕಾದ ಕುಲಾವಿಗೆ ನೇರವಾಗಿ ಹೋಗಬಾರದು. ಮೊದಲು ಅಂಗೈಯಗಲದ ಎರಡು ಮೂರು ಚೌಕಗಳನ್ನು ಹೆಣೆಯಿರಿ. ಅವು ಮಗುವಿನ ಮುಖ ಒರೆಸಲು ಬರುತ್ತವೆ, ಕುದಿಸಿದ ಕೈನೂಲು ನೀರನ್ನು ಚೆನ್ನಾಗಿ ಹೀರುತ್ತದೆ. ಒಗೆದು ಒಣಗಿಸಿದ ಮೇಲೆ ಚೌಕ ಎಷ್ಟು ಕುಗ್ಗಿತು, ಓರೆಯಾಯಿತೇ ಎಂಬುದನ್ನು ನೋಡಿದರೆ ಕುಲಾವಿಗೆ ಎಷ್ಟು ಕುಣಿಕೆ ಹಾಕಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಹವೆಯನ್ನೂ ಗಮನಿಸಿ. ತೇವವಿದ್ದಾಗ ಹತ್ತಿಯ ಎಳೆಯ ಬಲ ಹೆಚ್ಚುತ್ತದೆ. ಒಣ ಗಾಳಿಯಲ್ಲಿ ಅದೇ ಹಂಜಿ ಪದೇ ಪದೇ ಕಡಿಯುತ್ತದೆ. ದಸರೆಯ ಹೊತ್ತಿಗೆ ಹಿಂಗಾರು ಮಳೆಯ ತಂಪು ಇರುವುದರಿಂದ ಬೆಳಗಿನ ಹೊತ್ತು ನೂಲಿರಿ, ಫ್ಯಾನ್ ಹಾಕಬೇಡಿ. ಹಂಜಿಯ ಆಯ್ಕೆಯೂ ಮುಖ್ಯ: ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ತಳಿಯಂತಹ ಉದ್ದ ಎಳೆಯ ಹತ್ತಿಯ ಹಂಜಿ ಸಿಕ್ಕಿದರೆ ಕಡಿಮೆ ತಿರುವಿನಲ್ಲಿಯೂ ನೂಲು ಗಟ್ಟಿಯಾಗಿರುತ್ತದೆ, ಮತ್ತು ತಿರುವು ಕಡಿಮೆಯಾದಷ್ಟೂ ಹೆಣಿಗೆ ಮೃದುವಾಗುತ್ತದೆ. ಜಯಧರ್‌ನಂತಹ ನಾಟಿ ಹತ್ತಿಯ ಎಳೆ ಗಿಡ್ಡ, ಅದಕ್ಕೆ ಹೆಚ್ಚು ತಿರುವು ಕೊಡಲೇಬೇಕು.

ವಾರದಲ್ಲಿ ಒಂದು ದಿನ ಹೊರಗೆ ಹೋಗಲು ಮನಸ್ಸಿದ್ದರೆ ಎರಡು ಊರುಗಳಿವೆ. ನಮ್ಮ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅಲ್ಲಿಯೇ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದರು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿ ಅವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಖಾದಿಯ ಕೆಲಸಕ್ಕೆ ಹೆಸರಾದದ್ದು. ದಿನವೂ ನೂಲುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಅವರ ಎಡಗೈಯನ್ನು ನೋಡುವ ಅವಕಾಶ ಎಲ್ಲಿ ಸಿಕ್ಕರೂ ಬಿಡಬೇಡಿ. ಬರಹದಲ್ಲಿ ನಾವು ಎಷ್ಟು ವಿವರಿಸಿದರೂ ಆ ಕೈಯ ಹದ ತಿಳಿಯುವುದಿಲ್ಲ.

ಸರಸ್ವತೀಪುರಂ ವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ವೆಟರಿನ ಆಸೆಯನ್ನು ಈ ವಾರಕ್ಕೆ ಬಿಟ್ಟಿದ್ದೇನೆ. ಬೆಳಗ್ಗೆ ಅತ್ತೆಯವರ ವಾಚನ ಮತ್ತು ನನ್ನ ಚರಕ. ಮಧ್ಯಾಹ್ನದ ನಂತರ ವ್ಯಾಸಪೀಠದ ಮುಂದೆ ಮಿಲ್ಲಿನ ನೂಲಿನ ಹೆಣಿಗೆ. ನೂಲು ಕುದಿದು ಒಣಗಿದ ಮೇಲೆ ಮೊದಲು ಚೌಕ, ಆಮೇಲೆ ಕುಲಾವಿ. ಅತ್ತೆಯವರಿಗೆ ಈ ಚರ್ಚೆಯನ್ನು ಓದಿ ಹೇಳಿದಾಗ ಅವರು ಕೂಡಲೇ ಅಟ್ಟದಿಂದ ವ್ಯಾಸಪೀಠವನ್ನು ಇಳಿಸಿಕೊಡಲು ಹೇಳಿದರು. ಉಳಿದಿರುವುದು ಒಂದೇ ಪ್ರಶ್ನೆ: ಆರು ಎಳೆಯ ಈ ನೂಲಿಗೆ ಯಾವ ನಂಬರಿನ ಕಡ್ಡಿ ಸೂಕ್ತ?

ಕುವೆಂಪುನಗರದ ಹೆಣಿಗೆಗಾರ್ತಿ:

ನಂಜನಗೂಡಿನವರ ಚೌಕದ ಸಲಹೆಯನ್ನು ನಾನೂ ಒಪ್ಪುತ್ತೇನೆ. ಹತ್ತನೇ ನಂಬರಿನ ಕಡ್ಡಿ, ಅಂದರೆ 3.25 ಮಿಲಿಮೀಟರಿನದು, ಇಟ್ಟುಕೊಳ್ಳಿ. ಕುಲಾವಿಯ ಅಂಚಿಗೆ ಮಾತ್ರ ಅದಕ್ಕಿಂತ ಸಣ್ಣದಾದ ಹನ್ನೊಂದನೇ ನಂಬರ್ ಬಳಸಿ. ಮರದ ಅಥವಾ ಬಿದಿರಿನ ಕಡ್ಡಿಯಾದರೆ ಹತ್ತಿಯ ನೂಲು ಜಾರುವುದಿಲ್ಲ, ಪುಟದ ಮೇಲೆ ಕಣ್ಣಿಟ್ಟು ಹೆಣೆಯುವವರಿಗೆ ಅದು ಅನುಕೂಲ.