ಸಹಾಯ ಬೇಕು: ಪಿಎಚ್‌ನಿಂದ ಸಾರತೆ ಕಂಡುಹಿಡಿಯುವ ಲೆಕ್ಕಗಳು

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ಲಾಗ್ ಟೇಬಲ್ ಹಿಡಿದು ಮಾಡುವ ಅಭ್ಯಾಸದ ಹಾಳೆ ತಯಾರಾಗುತ್ತಿದೆ. ಹೈಡ್ರೋಜನ್ ಅಯಾನಿನ ಸಾರತೆಯಿಂದ ಪಿಎಚ್‌ಗೆ (ಆ ಸಾರತೆಯ ಲಾಗ್‌ನ ಚಿಹ್ನೆ ಬದಲಿಸಿದ ಬೆಲೆ) ಹೋಗುವುದು ಸುಲಭ: ಸಾರತೆ 3.6 × 10⁻⁴ ಆದರೆ 4 − 0.5563, ಅಂದರೆ 3.44. ತೊಡಕೆಲ್ಲ ವಾಪಸ್ ಬರುವಾಗ.

ಪಿಎಚ್ 4.7 ಕೊಟ್ಟರೆ ಮಕ್ಕಳು ನೇರವಾಗಿ 0.7ರ ಆಂಟಿಲಾಗ್ (10ರ 0.7ನೇ ಘಾತ) ನೋಡಿ 5.012 × 10⁻⁴ ಎಂದು ಬರೆಯುತ್ತಾರೆ. ಇದು ಸರಿಯುತ್ತರದ 25 ಪಟ್ಟು! ಟೇಬಲ್‌ನಲ್ಲಿ ದಶಮಾಂಶ ಭಾಗ ಯಾವಾಗಲೂ ಧನ. ಹಾಗಾಗಿ −4.7 ಅನ್ನು −5 + 0.3 ಮಾಡಿಕೊಂಡು, 0.3ರ ಆಂಟಿಲಾಗ್ 1.995 ತೆಗೆದು, 2.0 × 10⁻⁵ ಎನ್ನಬೇಕು. ಉತ್ತರ 10⁻⁴ ಮತ್ತು 10⁻⁵ರ ನಡುವೆ ಇದೆಯೇ ಎಂದು ನೋಡಿದರೂ ತಪ್ಪು ಸಿಕ್ಕಿಬೀಳುತ್ತದೆ. ಈ ‘ಬಾರ್’ ಹೆಜ್ಜೆಯನ್ನು (ಪೂರ್ಣಾಂಕ ಮಾತ್ರ ಋಣ ಎಂದು ಅದರ ಮೇಲೆ ಗೆರೆ ಎಳೆದು ಬರೆಯುವುದು) ಸಂಖ್ಯಾರೇಖೆಯ ಮೇಲೆ ತೋರಿಸುವ ಚಿತ್ರ ಯಾರ ಬಳಿಯಾದರೂ ಇದೆಯೇ?

ಜೊತೆಗೆ, ಉತ್ತರಸಹಿತ ಹತ್ತು ಲೆಕ್ಕ ಬೇಕು. ಪಿಎಚ್ 3 ಮತ್ತು 5ರ ಪ್ರಬಲ ಆಮ್ಲಗಳನ್ನು ಸಮವಾಗಿ ಬೆರೆಸಿದರೆ 4 ಅಲ್ಲ, 3.30 ಬರುವಂಥವು, 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೀರಿನಿಂದ ಬರುವ ಹೈಡ್ರೋಜನ್ ಅಯಾನನ್ನೂ ಸೇರಿಸಿ 6.98 ಬರುವಂಥವು ಇದ್ದರೆ ಬಹಳ ಉಪಕಾರ. ಕೈಬರಹದ ಫೋಟೋ ಆದರೂ ಸಾಕು.