‘ತದಾಇಮಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜಪಾನಿನ ಕ್ಯೋತೊದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವರು ದಿನವೂ ಆಡುತ್ತಿದ್ದ ಒಂದು ಮಾತಿಗೆ ಕನ್ನಡ ಸಿಗದೆ ಬರವಣಿಗೆ ಅಲ್ಲೇ ನಿಂತಿದೆ.

ಮನೆಯಿಂದ ಹೊರಡುವಾಗಿನ ಮಾತು ಕಷ್ಟ ಕೊಡಲಿಲ್ಲ. ‘ಇತ್ತೆಕಿಮಾಸ್’ ಅನ್ನುತ್ತಾರೆ. ‘ಇತ್ತೆ’ ಅಂದರೆ ಹೋಗಿ, ‘ಕಿಮಾಸ್’ ಅಂದರೆ ಬರುತ್ತೇನೆ. ಪದಕ್ಕೆ ಪದ ನಮ್ಮ ‘ಹೋಗಿ ಬರ್ತೀನಿ’! ಒಳಗಿದ್ದವರು ‘ಇತ್ತೆರಶ್ಶಾಯ್’ ಅಂದರೆ ‘ಹೋಗಿ ಬಾ’ ಎಂದೇ ಬರೆದುಕೊಂಡೆ. ನಾವು ಬರೀ ‘ಹೋಗ್ತೀನಿ’ ಅನ್ನಲು ಹಿಂಜರಿಯುವ ಹಾಗೆ ಅವರೂ ಮನೆಯವರಿಗೆ ‘ಸಯೋನಾರಾ’ ಅನ್ನುವುದಿಲ್ಲ.

ಆದರೂ ಎರಡೂ ಪೂರ್ತಿ ಒಂದೇ ಅಲ್ಲ. ನೆಂಟರ ಮನೆಯಿಂದ ಹೊರಡುವಾಗಲೂ ನಾವು ‘ಹೋಗಿ ಬರ್ತೀವಿ’ ಅಂತೇವೆ. ಅಲ್ಲಿ ಅದು ಸಲ್ಲದು. ಹೊರಟ ಜಾಗಕ್ಕೇ ಮರಳುವವರ ಮಾತದು. ಕಚೇರಿಯಿಂದ ಹೊರಗಿನ ಕೆಲಸಕ್ಕೆ ಹೋಗುವವರೂ ಹಾಗನ್ನುತ್ತಾರೆ, ಊರು ನೋಡಲು ಹೊರಟ ಅತಿಥಿಗೆ ಹೋಟೆಲಿನವರೂ ‘ಹೋಗಿ ಬನ್ನಿ’ ಅನ್ನುತ್ತಾರೆ. ಬೇರೆಯವರ ಮನೆಯಿಂದ ಏಳುವವರು ಮಾತ್ರ ‘ಒಜಾಮಾ ಶಿಮಾಶಿತಾ’, ಅಂದರೆ ‘ನಿಮಗೆ ತೊಂದರೆ ಕೊಟ್ಟೆ’ ಎನ್ನಬೇಕು.

ತೊಡಕಿರುವುದು ಮರಳಿ ಬಂದಾಗಿನ ಮಾತಿನಲ್ಲಿ. ಬಂದವರು ‘ತದಾಇಮಾ’ ಅನ್ನುತ್ತಾರೆ, ಒಳಗಿನವರು ‘ಒಕಾಎರಿ’ ಅನ್ನುತ್ತಾರೆ. ತದಾಇಮಾ ಅಂದರೆ ‘ಈಗ ತಾನೇ’. ‘ಈಗ ತಾನೇ ಮರಳಿದೆ’ ಎಂಬುದರ ಬಾಲ ಕಳಚಿ ಉಳಿದಿರುವ ತುಂಡು. ಒಕಾಎರಿಯಲ್ಲಿ ‘ಕಾಎರಿ’ ಅಂದರೆ ಮರಳುವಿಕೆ, ಮುಂದಿನ ‘ಒ’ ಮರ್ಯಾದೆಗೆ. ಇದಕ್ಕೆ ನಮ್ಮ ‘ಬಂದ್ಯಾ?’ ಚೆನ್ನಾಗಿ ಒಪ್ಪುತ್ತದೆ ಅನ್ನಿಸಿತು. ಶಾಲೆಯಿಂದ ಬಂದ ಮಗುವಿಗೆ ಅಡುಗೆಮನೆಯಿಂದಲೇ ‘ಬಂದ್ಯಾ ಪುಟ್ಟಾ’ ಅನ್ನುವ ತಾಯಿ ಉತ್ತರಕ್ಕೆ ಕಾಯುವುದಿಲ್ಲವಲ್ಲ. ಹಿರಿಯರಿಗೆ ‘ಬಂದ್ರಾ’. ಅಲ್ಲಿಯೂ ಹಿರಿಯರಿಗೆ ‘ಒಕಾಎರಿನಸಾಯ್’ ಎಂದು ಪೂರ್ತಿ ಹೇಳುತ್ತಾರೆ.

ತದಾಇಮಾಕ್ಕೆ ‘ಬಂದೆ’ ಅನ್ನೋಣವೆಂದರೆ, ಯಾರಾದರೂ ಕರೆದಾಗ ಕೋಣೆಯೊಳಗಿಂದ ನಾವು ಕೂಗುವುದೂ ‘ಬಂದೇ, ಬಂದೇ’ ಎಂದೇ. ಆಗ ಇನ್ನೂ ಎದ್ದಿರುವುದೂ ಇಲ್ಲ! ನಮ್ಮ ಮಕ್ಕಳಂತೂ ಬಾಗಿಲಲ್ಲೇ ‘ಅಮ್ಮಾ’ ಎಂದು ಕೂಗುತ್ತವೆ, ಬಂದದ್ದು ಗೊತ್ತಾಗಲು ಅಷ್ಟು ಸಾಕು. ಎಷ್ಟೋ ಕಡೆ ಅನುವಾದದಲ್ಲಿ ಅದೇ ಸರಿಯಾದೀತು.

ನನ್ನ ಅಜ್ಜಿಯ ವಿಷಯದಲ್ಲಿ ಆಗದು. ಅವರದು ಒಂಟಿ ಬದುಕು. ಪೇಟೆಯಿಂದ ಬಂದವರು ‘ಗೆಂಕಾನ್’ನಲ್ಲಿ, ಅಂದರೆ ಬಾಗಿಲ ಒಳಗಿನ ತಗ್ಗು ಜಾಗದಲ್ಲಿ, ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ತಿರುಗಿ ಮಂಡಿಯೂರಿ ಎರಡೂ ಚಪ್ಪಲಿಯನ್ನು ಬಾಗಿಲಿಗೆ ಮುಖ ಮಾಡಿ ಜೋಡಿಸುತ್ತಿದ್ದರು. ಆಮೇಲೆ ಒಳಗಿನ ‘ಬುತ್ಸುದಾನ್’, ಅಂದರೆ ತೀರಿಕೊಂಡವರಿಗೆ ಅನ್ನ ಧೂಪ ಇಡುವ ಮಂಟಪದ ಮುಂದೆ ಕೂತು, ಗಂಡನ ಪಟದ ಕಡೆ ನೋಡಿ ‘ತದಾಇಮಾ’ ಅನ್ನುತ್ತಿದ್ದರು. ಸಣ್ಣ ದನಿಯಲ್ಲಿ, ದಿನವೂ. ಮಹಡಿಯ ಮೆಟ್ಟಿಲ ಮೇಲಿಂದ ನನಗೆ ಕೇಳುತ್ತಿತ್ತು.

ಅಲ್ಲಿ ‘ಬಂದೆ’ ಎಂದು ಬರೆದರೆ ಪಟ ಕರೆದ ಹಾಗೆ, ಇವರು ಓಗೊಟ್ಟ ಹಾಗೆ ಕೇಳಿಸುತ್ತದೆ. ‘ಬಂದೆ ಕಣ್ರೀ’ ಅನ್ನೋಣವೆಂದರೆ ಸಲಿಗೆ ಹೆಚ್ಚಾಯಿತು. ‘ಬಂದಿದೀನಿ’ ಎಂದರೆ ಒಂದಿಷ್ಟು ಹತ್ತಿರ, ಆದರೆ ದಿನದಿನದ ಆಡುಮಾತಿನ ಸವೆತ ಅದಕ್ಕಿಲ್ಲ.

ಧಾರವಾಡ, ಕುಂದಾಪುರ, ಹಾಸನದ ಕಡೆಯವರು ಹೇಳಿ: ಹೊರಗಿನಿಂದ ಮನೆಗೆ ಬಂದ ಹಿರಿಯರು, ಒಳಗೆ ಯಾರೂ ಇಲ್ಲದಾಗಲೂ, ಬಾಯಿಬಿಟ್ಟು ಆಡುವ ಮಾತು ನಿಮ್ಮಲ್ಲಿದೆಯೇ?